ಆಕಾಶವಾಣಿಯ ಯಜಮಾನರು ಯಾರು?

ಆಕಾಶವಾಣಿ ಯಾರದ್ದು ಅಂತ ಕೇಳಿದ್ರೆ ಥಟ್ಟನೆ ಬರೋ ಉತ್ತರ, "ಸರ್ಕಾರದ್ದು." ಕಾನೂನಿನ ಪ್ರಕಾರ ಈ ಉತ್ತರ 1997ರಿಂದ ತಪ್ಪು. ಆದರೂ ನಾವೆಲ್ಲ ಅದನ್ನೇ ಹೇಳ್ತೀವಿ, ಮತ್ತು ಹಾಗೆ ಹೇಳೋದರಲ್ಲಿ ಅರ್ಥವೂ ಇದೆ. ಅದು ಹೇಗೆ ಅನ್ನೋದೇ ಇವತ್ತಿನ ಮಾತು.

ನಮ್ಮ ದೇಶದಲ್ಲಿ ರೇಡಿಯೊಗೆ ಮೊದಲು ಒಬ್ಬರೇ ಯಜಮಾನರು ಇರಲಿಲ್ಲ. ಮದ್ರಾಸಿನಲ್ಲಿ 1924ರಲ್ಲಿ ಹವ್ಯಾಸಿಗಳ ಕ್ಲಬ್ಬೊಂದು ಪ್ರಸಾರ ಶುರುಮಾಡಿ, ದುಡ್ಡಿಲ್ಲದೆ ಕೈಬಿಟ್ಟಿತು. 1930ರಿಂದ ಅಲ್ಲಿನ ಕಾರ್ಪೊರೇಷನ್ನೇ ರೇಡಿಯೊ ನಡೆಸಿತು. ನಲ್ಲಿ ನೀರು, ಬೀದಿ ದೀಪ, ಅದರ ಜೊತೆಗೆ ರೇಡಿಯೊ! ಹೈದರಾಬಾದಿನಲ್ಲಿ ನಿಜಾಮರ ಸಂಸ್ಥಾನದ ಕೇಂದ್ರ ಇತ್ತು. ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಕೇಂದ್ರ ತೆರೆದರು. ಅದಕ್ಕೆ "ಆಕಾಶವಾಣಿ" ಅನ್ನೋ ಹೆಸರು ಕೊಟ್ಟವರು ನಾ. ಕಸ್ತೂರಿ ಅಂತ ನಾವೆಲ್ಲ ಕೇಳಿದ್ದೇವೆ. ಒಬ್ಬ ಮೇಷ್ಟರ ಮನೆಯ ರೇಡಿಯೊದ ಹೆಸರು ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯ್ತು ನೋಡಿ.

ಇನ್ನು ಮುಂಬಯಿ. ಅಲ್ಲಿ 1927ರ ಜುಲೈ 23ರಂದು ಶುರುವಾದದ್ದು ಖಾಸಗಿ ಕಂಪನಿ, ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ. ಒಂದು ತಿಂಗಳ ನಂತರ ಕಲ್ಕತ್ತಾ ಕೇಂದ್ರವೂ ಬಂತು. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕು, ಅದರಲ್ಲಿ ಶೇಕಡಾ 80 ಕಂಪನಿಗೆ. ಕಾಗದದ ಮೇಲೆ ಚೆನ್ನಾಗೇ ಇದೆ. ಆದರೆ 1929 ಮುಗಿಯುವ ಹೊತ್ತಿಗೂ ಲೈಸೆನ್ಸ್‌ಗಳ ಸಂಖ್ಯೆ 8 ಸಾವಿರ ಮುಟ್ಟಲಿಲ್ಲ. ಲೈಸೆನ್ಸ್ ಇಲ್ಲದೆ ಕದ್ದು ಕೇಳೋರು ಬೇರೆ. 1930ರ ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು, ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ತನ್ನ ಕೈಗೆ ತಗೊಂಡಿತು.

ಸರ್ಕಾರಕ್ಕೂ ಅದು ಬೇಡದ ಕೂಸೇ. 1931ರ ಅಕ್ಟೋಬರ್‌ನಲ್ಲಿ ಮುಚ್ಚಿಬಿಡ್ತೀವಿ ಅಂತ ಹೇಳೇಬಿಟ್ಟರು. ಜನ ಗಲಾಟೆ ಮಾಡಿದರು, ಮರುತಿಂಗಳೇ ತೀರ್ಮಾನ ವಾಪಸ್. ಹಾಗಾದರೆ ದುಡ್ಡು ಎಲ್ಲಿಂದ? ರೇಡಿಯೊ ಸೆಟ್ಟುಗಳ ಆಮದು ಸುಂಕವನ್ನು ಶೇಕಡಾ 25ರಿಂದ 50ಕ್ಕೆ ಏರಿಸಿದರು. ಅಂದ್ರೆ ರೇಡಿಯೊವನ್ನು ಉಳಿಸಿದ್ದು ಕೇಳುಗರ ಜೇಬು. ಆದರೆ ಅದರಲ್ಲಿ ಏನು ಬರಬೇಕು ಅನ್ನೋದಕ್ಕೆ ಅವರನ್ನು ಯಾರೂ ಕೇಳಲಿಲ್ಲ. ಮುಂದಿನ ಕಥೆಯೆಲ್ಲ ಇಲ್ಲೇ ಇದೆ ಅಂತ ನನಗನ್ನಿಸುತ್ತೆ.

1936ರಲ್ಲಿ ಆಲ್ ಇಂಡಿಯಾ ರೇಡಿಯೊ ಅನ್ನೋ ಹೆಸರು ಬಂತು. ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಅದರ ಮುಖ್ಯಸ್ಥ. ಮನುಷ್ಯ ಬಿಬಿಸಿಯವನಾದರೂ ಸಂಸ್ಥೆ ಸರ್ಕಾರಿ ಇಲಾಖೆಯಾಗೇ ಉಳೀತು. ಸ್ವಾತಂತ್ರ್ಯ ಬಂದಮೇಲೂ ಇಲಾಖೆಯೇ. 1950ರಲ್ಲಿ ಮೈಸೂರು, ಹೈದರಾಬಾದ್ ಕೇಂದ್ರಗಳೂ ಅದರೊಳಗೆ ಸೇರಿದವು.

ಇಲಾಖೆ ಅಂದಮೇಲೆ ಮಂತ್ರಿಯ ರುಚಿಯೇ ರುಚಿ. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾದರು. ಶಾಸ್ತ್ರೀಯ ಸಂಗೀತದ ಭಕ್ತರು, ಸಿನಿಮಾ ಹಾಡು ಅಂದ್ರೆ ಆಗದು. ಹಾಡು ನಿಂತಿತು. ಕೇಳುಗರು ಜಗಳ ಆಡಲಿಲ್ಲ, ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್‌ಗೆ ಹೋದರು. 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಅವರನ್ನು ವಾಪಸ್ ಕರೆಯಬೇಕಾಯ್ತು.

ಆದರೆ ಸುದ್ದಿಗೆ ಸಿಲೋನ್ ಇರಲಿಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ವಾರ್ತಾ ಮಂತ್ರಿ ಐ.ಕೆ. ಗುಜ್ರಾಲ್ ಅವರನ್ನು ಬದಲಿಸಿ ವಿ.ಸಿ. ಶುಕ್ಲಾ ಅವರನ್ನು ಕೂರಿಸಿದರು. ಸರ್ಕಾರದ ಕಾರ್ಯಕ್ರಮಕ್ಕೆ ಹಾಡೋಕೆ ಒಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳೇ ಗಾಳಿಯಿಂದ ಮಾಯ. ಜನ ಇಟ್ಟ ಅಡ್ಡಹೆಸರು "ಆಲ್ ಇಂದಿರಾ ರೇಡಿಯೊ". ಹಾಗಂತ ತಪ್ಪು ಒಂದೇ ಪಕ್ಷದ್ದು ಅಂದುಕೊಳ್ಳಬೇಡಿ. ಇಲಾಖೆಯಿಂದ ಬಿಡಿಸಿ ಅಂತ ಚಂದಾ ಸಮಿತಿ 1966ರಲ್ಲೇ ಹೇಳಿತ್ತು. ಜನತಾ ಸರ್ಕಾರ ನೇಮಿಸಿದ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ "ಆಕಾಶ ಭಾರತಿ" ಅನ್ನೋ ಸ್ವತಂತ್ರ ಟ್ರಸ್ಟ್ ಮಾಡಿ ಅಂತು. ಅದೇ ಸರ್ಕಾರ ಮರುವರ್ಷ ಸಂಸತ್ತಿಗೆ ತಂದ ಮಸೂದೆ ಅದಕ್ಕಿಂತ ಬಹಳ ಸಪ್ಪೆ, ಅದೂ ಪಾಸಾಗಲಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ಸ್ವಾಯತ್ತ ರೇಡಿಯೊ ಬೇಕು!

ಕೊನೆಗೆ 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಬಂತು. ಬಂದು ಏಳು ವರ್ಷ ಕಪಾಟಿನಲ್ಲಿ ಮಲಗಿತು. ಈ ನಡುವೆ 1995ರಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರದ ವ್ಯಾಜ್ಯದಲ್ಲಿ, ರೇಡಿಯೊ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಹೇಳಿತು. 1997ರಲ್ಲಿ ಕಾಯ್ದೆ ಜಾರಿಯಾದಾಗ ಪ್ರಧಾನಿಯಾಗಿದ್ದವರು ಅದೇ ಗುಜ್ರಾಲ್. ಮೊದಲ ಸಿಇಒ ಎಸ್.ಎಸ್. ಗಿಲ್. ಅವರಿಗೋಸ್ಕರ ವಯಸ್ಸಿನ ಮಿತಿ ತೆಗೆದರು ಅನ್ನೋ ಆಕ್ಷೇಪ ಇತ್ತು. 1998ರಲ್ಲಿ ಹೊಸ ಸರ್ಕಾರ 62ರ ಮಿತಿಯನ್ನು ಮತ್ತೆ ತಂದಿತು, ಗಿಲ್ ಹೊರಗೆ. ಸ್ವಾಯತ್ತ ಸಂಸ್ಥೆಯ ಮುಖ್ಯಸ್ಥರು ಬರೋಕೂ ಹೋಗೋಕೂ ಒಂದು ಸುಗ್ರೀವಾಜ್ಞೆ ಸಾಕಾಯ್ತು.

ಕಾಯ್ದೆಯಲ್ಲಿ ಒಳ್ಳೆಯದೂ ಇದೆ. ಅಧ್ಯಕ್ಷರ ಹೆಸರು ಸೂಚಿಸುವ ಸಮಿತಿಯಲ್ಲಿ ರಾಜ್ಯಸಭೆಯ ಸಭಾಪತಿ ಮತ್ತು ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಇರ್ತಾರೆ, ರಾಷ್ಟ್ರಪತಿ ಹೆಸರಿಸಿದ ಇನ್ನೊಬ್ಬರು ಇರ್ತಾರೆ. ಆದರೆ ಸಂಬಳದ ದೊಡ್ಡ ಪಾಲು ಬರೋದು ಕೇಂದ್ರದ ಅನುದಾನದಿಂದ. ನಿಯಮ ಮಾಡೋದು ಸರ್ಕಾರ. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯ ಹೆಸರಲ್ಲಿ ನಿರ್ದೇಶನ ಕೊಡೋ ಅಧಿಕಾರವೂ ಅದಕ್ಕೇ. ಕೇಳುಗರು ಕಟ್ಟುತ್ತಿದ್ದ ಲೈಸೆನ್ಸ್ ಶುಲ್ಕ 1980ರ ದಶಕದಲ್ಲೇ ರದ್ದಾಗಿತ್ತು. ಜೇಬಿಗೆ ಹಗುರ, ನಿಜ. ಆದರೆ ರೇಡಿಯೊಗೂ ನಮಗೂ ನೇರವಾಗಿದ್ದ ಒಂದೇ ಹಣದ ನಂಟೂ ಅಲ್ಲಿಗೆ ಕಡಿದುಹೋಯ್ತು.

ಕಾಯ್ದೆಯ 13ನೇ ಸೆಕ್ಷನ್ ಇನ್ನೊಂದು ದಾರಿ ಇಟ್ಟಿತ್ತು. ಲೋಕಸಭೆಯಿಂದ 15, ರಾಜ್ಯಸಭೆಯಿಂದ 7, ಒಟ್ಟು 22 ಸದಸ್ಯರ ಸಂಸದೀಯ ಸಮಿತಿ ಪ್ರಸಾರ ಭಾರತಿಯ ಮೇಲೆ ಕಣ್ಣಿಡಬೇಕು. ಮಂತ್ರಿಯ ಬದಲು ಸಂಸತ್ತಿಗೆ ಲೆಕ್ಕ ಒಪ್ಪಿಸೋ ವ್ಯವಸ್ಥೆ ಅದು. ಸರ್ಕಾರಗಳು ಬಂದವು, ಹೋದವು. ಆ 22 ಕುರ್ಚಿಗಳಲ್ಲಿ ಯಾರೂ ಕೂರಲೇ ಇಲ್ಲ.