ಅಂಜದೀವದಲ್ಲಿ ಬೀಡು ಬಿಟ್ಟವರು

ಪಿಂಪಳಗಾಂವ್ ಬಸವಂತ್‌ನಲ್ಲಿ ಸಮುದ್ರ ಇಲ್ಲ. ಇರುವುದು ಟೊಮೆಟೊ, ಈರುಳ್ಳಿ, ದ್ರಾಕ್ಷಿ, ಮತ್ತೆ ಹಗಲು ರಾತ್ರಿ ಲಾರಿ ಓಡುವ ಮುಂಬೈ-ಆಗ್ರಾ ಹೆದ್ದಾರಿ. ಕೆಲಸಕ್ಕೆಂದು ಇಲ್ಲಿಗೆ ಬಂದ ಕಾರವಾರದವನು ನಾನು. ಈ ಸಲ ದ್ರಾಕ್ಷಿ ಹಂಗಾಮು ಮುಗಿದದ್ದೇ ಆಫೀಸಿನ ಹುಡುಗರು ಗಂಟುಬಿದ್ದರು: “ಭಾವು, ನಿಮ್ಮ ಕಡೆ ದ್ವೀಪಗಳಿವೆಯಂತಲ್ಲ, ಟೆಂಟ್ ಹಾಕೋಣ, ಸ್ನಾರ್ಕ್ಲಿಂಗ್ ಮಾಡೋಣ.”

ಸ್ನಾರ್ಕ್ಲಿಂಗ್ ಏನೋ ಆಯಿತು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ದ್ವೀಪಕ್ಕೆ ಕಾಲಿಡದೆ, ಅದರ ಬುಡದ ನೀರಲ್ಲಿ ಮುಖ ಮುಳುಗಿಸಿ ಹವಳ, ಮೀನು ನೋಡಿ ಬಂದೆವು. ಟೆಂಟ್ ಎಂದಾಗ ಮಾತ್ರ ನನಗೆ ನೆನಪಾದದ್ದು ಬೇರೆ ದ್ವೀಪ, ಅಂಜದೀವ. ಕಾರವಾರದ ದಕ್ಷಿಣಕ್ಕೆ, ದಡದ ಹತ್ತಿರವೇ ಇದೆ. ಆಡಳಿತ ಮಾತ್ರ ಗೋವಾದ್ದು. ಅಮ್ಮನ ತವರು ಅರ್ಗಾ. ಅಜ್ಜನ ಮನೆಯಂಗಳಕ್ಕೆ ಬಂದರೆ ಎದುರಿಗೇ ಅದು ಕಾಣುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ.

ಹಡಗಿನವರಿಗೆ ಆ ದ್ವೀಪ ಬೇಕಾಗಿದ್ದು ಸಿಹಿನೀರಿಗೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಗೋವಾ ಹತ್ತಿರದ ಒಂದು ದ್ವೀಪದಲ್ಲಿ ವಿಗ್ರಹಗಳ ನಡುವೆ ಗೋಡೆಗೊರಗಿ ಕೂತ ಜೋಗಿಯನ್ನು ಕಂಡ. ಅದು ಅಂಜದೀವವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ ಇಲ್ಲಿ ಹಡಗುಗಳ ರಿಪೇರಿ ಮಾಡಿಸಿಕೊಂಡ. 1505ರಲ್ಲಿ ಅಲ್ಮೇಡಾ ಕೋಟೆ ಕಟ್ಟಿಸಿದ. ಮರುವರ್ಷವೇ ಪೋರ್ಚುಗೀಸರು ಅದನ್ನು ಬಿಟ್ಟುಹೋದರು.

ನನ್ನನ್ನು ಹಿಡಿದು ನಿಲ್ಲಿಸುವುದು ಇವರ್‍ಯಾರೂ ಅಲ್ಲ, 1662ರಲ್ಲಿ ಬಂದ ಇಂಗ್ಲಿಷ್ ಸಿಪಾಯಿಗಳು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಳನ್ನು ಎರಡನೇ ಚಾರ್ಲ್ಸ್ ಮದುವೆಯಾಗುವಾಗ, 1661ರ ಒಪ್ಪಂದದಲ್ಲಿ ಬಳುವಳಿಯಾಗಿ ಮುಂಬೈಯೂ ಸೇರಿತ್ತು. ಅದನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸಿಪಾಯಿಗಳೊಂದಿಗೆ ಬಂದ. ಕಾಗದಪತ್ರ ಸರಿಯಿಲ್ಲವೆಂದು ಪೋರ್ಚುಗೀಸ್ ವೈಸರಾಯ್ ಮುಂಬೈ ಕೊಡಲಿಲ್ಲ. ಸೂರತ್ತಿಗೆ ಬನ್ನಿ ಎನ್ನಲು ಅಲ್ಲಿದ್ದ ಕಂಪನಿಯವರಿಗೆ ಮೊಘಲರ ಭಯ. ಎಲ್ಲೂ ಜಾಗ ಸಿಗದೆ ಕೊನೆಗೆ ಅಂಜದೀವದಲ್ಲಿ ಬೀಡು ಬಿಟ್ಟರು.

ನಾವು ಎರಡು ರಾತ್ರಿಗೆಂದು ಟೆಂಟ್ ಹುಡುಕುತ್ತಿದ್ದೆವು. ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ನಮ್ಮ ಕರಾವಳಿಯ ಮಳೆಗಾಲ ಎಂಥದೆಂದು ಅಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಮಳೆ, ರೋಗ, ಸರಿಯಾದ ಊಟವಿಲ್ಲದೆ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ನನೂ ಹೋದ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬೈಯನ್ನು ವಶಕ್ಕೆ ಪಡೆದಾಗ ಉಳಿದಿದ್ದವರು ನೂರರ ಆಸುಪಾಸು. ಅಷ್ಟು ಜೀವ ತೆತ್ತು ಪಡೆದ ಮುಂಬೈಯನ್ನು ರಾಜ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ!

ನಮ್ಮ ಜಿಲ್ಲೆಯವರು ತಲೆತಲಾಂತರದಿಂದ ಹೊಟ್ಟೆಪಾಡಿಗೆ ಹೋದದ್ದು ಇದೇ ಮುಂಬೈಗೆ. ಆ ಊರಿನ ಬಾಗಿಲಲ್ಲಿ ಕಾಯುತ್ತಾ ಸತ್ತವರು ನಮ್ಮೂರಿನ ಎದುರಿನ ದ್ವೀಪದಲ್ಲಿ ಮಣ್ಣಾದರು ಎಂಬುದು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ದ್ವೀಪ ಪೋರ್ಚುಗೀಸರ ಕೈಯಲ್ಲೇ ಉಳಿಯಿತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು; ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರ ಗುಂಡಿಗೆ ಬಲಿಯಾದ. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಅಲ್ಲಿಗೆ ಇಳಿಯಿತು. ಏಳು ನಾವಿಕರು ಪ್ರಾಣ ಕೊಟ್ಟರು. ಮರುದಿನ ದ್ವೀಪ ಭಾರತದ್ದಾಯಿತು.

1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಅರ್ಗಾ ಸೇರಿ ಸುತ್ತಲಿನ ಊರುಗಳ ಜನ ಜಾಗ ಬಿಟ್ಟು ಎದ್ದರು, ಅಜ್ಜನೂ ಎದ್ದ. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಅಲೆ ತಡೆಯುವ ಕಲ್ಲಿನ ಒಡ್ಡು ಈಗ ಅಂಜದೀವವನ್ನು ದಡಕ್ಕೆ ಸೇರಿಸಿದೆ. ನೆಲಕ್ಕೆ ಕೂಡಿದ ಮೇಲೂ ನಮ್ಮಂಥವರು ಅಲ್ಲಿಗೆ ಸುಮ್ಮನೆ ಹೋಗುವಂತಿಲ್ಲ.

ಹುಡುಗರಿಗೆ ಇಷ್ಟೆಲ್ಲ ಹೇಳಿದೆ. ದಡದಲ್ಲೇ ಟೆಂಟ್ ಹಾಕಿ ಮಲಗಿದೆವು. ನಾಸಿಕ್ ದಾಟಿ ಪಿಂಪಳಗಾಂವ್ ಸೇರುವ ಹೊತ್ತಿಗೆ ಅಮ್ಮನ ಫೋನ್ ಬಂತು. ನೇತ್ರಾಣಿಯ ಮೀನಿನ ಸುದ್ದಿ ಅವಳಿಗೆ ಬೇಕಿರಲಿಲ್ಲ.

“ದೀವ ಕಂಡಿತೇನೋ?” ಎಂದಳು.

“ದೂರದಿಂದ ಕಂಡಿತು ಅಮ್ಮ.”

“ಅಂಗಳದಿಂದ ಹತ್ತಿರವೇ ಇತ್ತು” ಎಂದು ಫೋನಿಟ್ಟಳು.