ಪದವಿಗೆ ಹೋದ ದಾರಿ

ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಲೇಖಕರ ಹುಟ್ಟೂರಿಗೆ ಜಾಗವಿದೆ. ಅವರು ಓದಲು ಎಲ್ಲಿಗೆ ಹೋದರು ಎಂಬುದು ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈಚೆಗೆ ನಾನು ಆ ಸಾಲನ್ನೇ ಹುಡುಕಿ ಓದುತ್ತಿದ್ದೇನೆ.

ಧಾರವಾಡದ ಬೇಂದ್ರೆ ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಶ್ರೀರಂಗರೂ ಪುಣೆಗೇ ಹೋದವರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದೇ 1917ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ ಮದರಾಸು. ಕುಪ್ಪಳಿಯ ಕುವೆಂಪು ಅವರಿಗೆ ಮೈಸೂರು. 1916ರವರೆಗೆ ಮಹಾರಾಜಾ ಕಾಲೇಜು ಕೂಡ ಮದರಾಸು ವಿಶ್ವವಿದ್ಯಾಲಯಕ್ಕೇ ಸೇರಿತ್ತು.

ದೂರ ಎಂದರೆ ಬರೀ ರೈಲಿನ ದೂರವಲ್ಲ. ಹೋದ ಊರಲ್ಲಿ ಊಟ ಎಲ್ಲಿ? ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದರಲ್ಲಿ ಅವಮಾನವೂ ಇತ್ತು, ಆದರೆ ತಟ್ಟೆ ಇತ್ತು. ಉಳಿದವರಿಗೆ ಅಂಥ ಮನೆಗಳಿರಲಿಲ್ಲ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಂಥವು, ಮೈಸೂರು ಬೆಂಗಳೂರುಗಳ ಜಾತಿವಾರು ಹಾಸ್ಟೆಲುಗಳು ಹುಟ್ಟಿದ ಮೇಲೆಯೇ ಒಕ್ಕಲು ಮನೆಯ ಹುಡುಗರು ಕಾಲೇಜಿನ ಮೆಟ್ಟಿಲು ಹತ್ತಿದ್ದು. ಯಾವ ಊರಿನವರು ಬಂದರು ಎಂದು ಕೇಳಿದರೆ ಯಾವ ಜಾತಿಯವರು ಎಂದೂ ಕೇಳಿದಂತೆಯೇ.

ಕೊಪ್ಪಳವನ್ನು ನೋಡಿ. ನಿಜಾಮರ ಕಾಲಕ್ಕೆ ಅದರ ವಿಶ್ವವಿದ್ಯಾಲಯ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಆರಂಭವಾದ ಅಲ್ಲಿ ಪಾಠ ಉರ್ದುವಿನಲ್ಲಿ. ಕನ್ನಡದ ಹುಡುಗ ಮೊದಲು ಭಾಷೆ ದಾಟಬೇಕು, ಆಮೇಲೆ ಊರು. 1956ರ ಏಕೀಕರಣದ ನಂತರ ಧಾರವಾಡ, 1980ರಲ್ಲಿ ಗುಲ್ಬರ್ಗಾ, 2010ರಲ್ಲಿ ಬಳ್ಳಾರಿ, ಈಚೆಗೆ ಸ್ವತಃ ಕೊಪ್ಪಳವೇ. ಕೊಪ್ಪಳ ಇದ್ದಲ್ಲೇ ಇದೆ. ವಿಶ್ವವಿದ್ಯಾಲಯವೇ ನಾಲ್ಕು ಸಲ ಜಾಗ ಬದಲಿಸಿತು.

ಹೀಗಾಗಿ ವಿಶ್ವವಿದ್ಯಾಲಯಗಳು ಪಂಚಾಯ್ತಿ ಕಚೇರಿಗಳಂತಾದವು ಎಂದು ಹಿರಿಯರು ಗೊಣಗುತ್ತಾರೆ. ಬೀದರಿನವನೂ ಕೊಡಗಿನವನೂ ಒಂದೇ ಕೋಣೆಯಲ್ಲಿ ಇರುತ್ತಿದ್ದ ಕಾಲ ಹೋಯಿತಂತೆ. ನಷ್ಟ ನಿಜವೇ. ಪುಣೆಯಲ್ಲಿ ಮರಾಠಿ ಕಿವಿಗೆ ಬೀಳದಿದ್ದರೆ ಬೇಂದ್ರೆಯವರ ಕಾವ್ಯ ಹೀಗೇ ಇರುತ್ತಿತ್ತೆಂದು ನಾನು ಹೇಳಲಾರೆ. ಆದರೆ ಆ ಕೋಣೆಯಲ್ಲಿ ಹುಡುಗಿಯರಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆಗೆ ಮರಳಬಹುದು ಎಂಬ ಒಂದೇ ಕಾರಣಕ್ಕೆ ಎಂ.ಎ.ಗೆ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ಯಾರೂ ಮೈಸೂರಿಗೆ ಕಳಿಸುತ್ತಿರಲಿಲ್ಲ.

ಕೊಪ್ಪಳ, ಹಾವೇರಿ, ಚಾಮರಾಜನಗರಗಳ ಹೊಸ ವಿಶ್ವವಿದ್ಯಾಲಯಗಳಿಗೆ ಹಣವಿಲ್ಲ, ಅಧ್ಯಾಪಕರಿಲ್ಲ. 2025ರಲ್ಲಿ ಇಂಥವನ್ನು ಮುಚ್ಚುವ ಮಾತು ಸರ್ಕಾರದೊಳಗಿಂದಲೇ ಬಂತು. ಹಳೆಯ ವಿಶ್ವವಿದ್ಯಾಲಯಕ್ಕೆ ಸೇರಿಸಿದರಾಯಿತು ಎನ್ನುವುದು ಕಾಗದದ ಮೇಲೆ ಸುಲಭ. ಕೊಪ್ಪಳದ ಹಳ್ಳಿಯಿಂದ ಬಳ್ಳಾರಿಗೆ ಹೋಗಿ ಸಂಜೆಯೊಳಗೆ ಮರಳಲು ಬಸ್ಸು ಇದೆಯೇ ಎಂದು ಆ ಕಾಗದ ಬರೆಯುವವರು ಮೊದಲು ವಿಚಾರಿಸಲಿ.