ಪುಸ್ತಕಕ್ಕಿಂತ ಮೊದಲು ಪ್ರಶ್ನೆಪತ್ರಿಕೆ

1854ರ ಫೆಬ್ರವರಿಯಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸ್ಮಿತ್ ಬಹುಮಾನಕ್ಕಾಗಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ತೆಗೆದಿದ್ದವನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಅದರ ಎಂಟನೆಯ ಪ್ರಶ್ನೆಯಲ್ಲಿ ಒಂದು ಸಮೀಕರಣ ಕೊಟ್ಟು, ಅದನ್ನು ಸಾಧಿಸಿ ಎಂದು ಕೇಳಿದ್ದ. ಬಾಗಿದ ಮೇಲ್ಮೈಯೊಂದರ ಉದ್ದಗಲಕ್ಕೂ ಆಗುವ ಸುತ್ತುವಿಕೆಯನ್ನೆಲ್ಲ ಕೂಡಿಸಿದರೆ ಬರುವ ಮೊತ್ತವೂ ಅದರ ಅಂಚಿನಗುಂಟ ಒಂದು ಸುತ್ತು ಬಂದು ಕಂಡುಕೊಳ್ಳುವ ಮೊತ್ತವೂ ಒಂದೇ ಎನ್ನುವುದು ಅದರ ತಿರುಳು. ಅಲ್ಲಿಯವರೆಗೆ ಅದು ಎಲ್ಲೂ ಅಚ್ಚಾಗಿರಲಿಲ್ಲ. ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಬಹುಚರ ಕಲನಶಾಸ್ತ್ರದ ಕೋರ್ಸ್ ಓದಿದರೂ ಕೊನೆಯ ಪಾಠಗಳಲ್ಲಿ ಎದುರಾಗುವ ಸ್ಟೋಕ್ಸ್ ಥಿಯರಮ್ ಮೊದಲು ಅಚ್ಚಾದದ್ದು ಹೀಗೆ, ಪರೀಕ್ಷೆಯ ಪ್ರಶ್ನೆಯಾಗಿ!

ಆ ಪರೀಕ್ಷೆ ಬರೆದವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದ್ದ. ಬಹುಮಾನವನ್ನು ಆತ ಎಡ್ವರ್ಡ್ ರೌತ್ ಜೊತೆ ಹಂಚಿಕೊಂಡ. ಮುಂದೆ 1873ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಮೇಲೆ ಮಹಾಗ್ರಂಥ ಬರೆದಾಗ ಇದೇ ಪ್ರಮೇಯವನ್ನು ಬಳಸಿಕೊಂಡು, ಅದು ಸ್ಮಿತ್ ಬಹುಮಾನದ ಪ್ರಶ್ನೆಯಾಗಿತ್ತೆಂದು ಅಡಿಟಿಪ್ಪಣಿಯಲ್ಲಿ ದಾಖಲಿಸಿದ. ಪ್ರಮೇಯಕ್ಕೆ ಸ್ಟೋಕ್ಸ್‌ನ ಹೆಸರು ಅಂಟಿಕೊಂಡದ್ದು ಹೀಗೆ. ಆದರೆ ಅದು ಸ್ಟೋಕ್ಸ್‌ನ ತಲೆಯಲ್ಲಿ ಹೊಳೆದದ್ದಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1850ರ ಜುಲೈ 2ರಂದು ಬರೆದ ಪತ್ರದ ಕೊನೆಯಲ್ಲಿ ಅದನ್ನು ಸ್ಟೋಕ್ಸ್‌ಗೆ ತಿಳಿಸಿದ್ದ. ಮೈಕಲ್ ಸ್ಪಿವಾಕ್ 1965ರಲ್ಲಿ ಪ್ರಕಟಿಸಿದ ‘ಕ್ಯಾಲ್ಕ್ಯುಲಸ್ ಆನ್ ಮ್ಯಾನಿಫೋಲ್ಡ್ಸ್’ ಪುಸ್ತಕದ ಹೊದಿಕೆಯ ಮೇಲೆ ಆ ಪತ್ರದ ಕೈಬರಹವನ್ನು ಇವತ್ತೂ ನೋಡಬಹುದು.

ಥಾಮ್ಸನ್‌ಗೆ ಈ ದಾರಿ ತೋರಿಸಿದವನ ಕಥೆ ಇನ್ನೂ ವಿಚಿತ್ರ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬೇಕರಿ ನಡೆಸುತ್ತಿದ್ದವನ ಮಗ ಜಾರ್ಜ್ ಗ್ರೀನ್. ಹುಟ್ಟಿದ್ದು 1793ರಲ್ಲಿ, ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ ಮಾತ್ರ. ಅಪ್ಪ ಊರ ಪಕ್ಕದ ಸ್ನೆಂಟನ್‌ನಲ್ಲಿ ಗಾಳಿಗಿರಣಿ ಕಟ್ಟಿಸಿದ ಮೇಲೆ ಹಿಟ್ಟು ಬೀಸುವ ಕೆಲಸವೂ ಮಗನ ಹೆಗಲೇರಿತು. 1823ರಲ್ಲಿ ಊರಿನ ಚಂದಾ ಗ್ರಂಥಾಲಯದ ಸದಸ್ಯನಾದ. ಐದು ವರ್ಷ ಕಳೆದ ಮೇಲೆ ವಿದ್ಯುತ್ತು ಮತ್ತು ಕಾಂತತ್ವದ ಸಿದ್ಧಾಂತಗಳಿಗೆ ಗಣಿತವನ್ನು ಅನ್ವಯಿಸುವ ಒಂದು ಪ್ರಬಂಧವನ್ನು ತಾನೇ ಅಚ್ಚು ಹಾಕಿಸಿದ. ಬೆಲೆ ಏಳು ಶಿಲಿಂಗ್ ಆರು ಪೆನ್ಸ್. ಕೊಂಡವರು ಐವತ್ತು ಚಿಲ್ಲರೆ ಜನ; ಅವರಲ್ಲಿ ಹೆಚ್ಚಿನವರಿಗೆ ಅದರ ಒಂದು ಪುಟವೂ ಅರ್ಥವಾಗಿರಲಿಕ್ಕಿಲ್ಲ. ಎಡ್ವರ್ಡ್ ಬ್ರಾಮ್‌ಹೆಡ್ ಎಂಬ ಜಮೀನ್ದಾರನೊಬ್ಬ ಅದರ ಬೆಲೆ ಅರಿತು ಕೈಹಿಡಿಯದೇ ಹೋಗಿದ್ದರೆ ಗ್ರೀನ್ ಗಿರಣಿಯಲ್ಲೇ ಉಳಿಯುತ್ತಿದ್ದನೇನೋ. 1833ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಆತ ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಹೋದ. 1837ರ ಗಣಿತದ ಪರೀಕ್ಷೆಯಲ್ಲಿ ನಾಲ್ಕನೆಯವನಾದ. 1841ರಲ್ಲಿ ತೀರಿಕೊಂಡಾಗ ಆ ಪ್ರಬಂಧವನ್ನು ಕೇಳುವವರೇ ಇರಲಿಲ್ಲ.

1845ರ ಜನವರಿಯಲ್ಲಿ ಥಾಮ್ಸನ್ ಪ್ಯಾರಿಸ್ಸಿಗೆ ಹೊರಡುವ ಹೊತ್ತಿಗೆ ಆತನ ಗುರು ವಿಲಿಯಂ ಹಾಪ್ಕಿನ್ಸ್ ಬಳಿ ಅದರ ಪ್ರತಿಗಳು ಸಿಕ್ಕವು. ಪ್ಯಾರಿಸ್ಸಿನಲ್ಲಿ ಲಿಯುವಿಲ್ ಮತ್ತು ಸ್ಟರ್ಮ್ ಅದನ್ನು ಓದಿ ಬೆರಗಾದರು. ಕ್ರೆಲ್ಲೆಯ ಜರ್ಮನ್ ನಿಯತಕಾಲಿಕದಲ್ಲಿ 1850ರಿಂದ ಕಂತುಗಳಲ್ಲಿ ಅದು ಮತ್ತೆ ಪ್ರಕಟವಾಯಿತು. ಇಲ್ಲೊಂದು ಮಾತು ಹೇಳಲೇಬೇಕು. ತರಗತಿಯಲ್ಲಿ ‘ಗ್ರೀನ್ಸ್ ಥಿಯರಮ್’ ಎಂದು ಕಲಿಸುವ ಸಮತಲದ ಸೂತ್ರ ಆ ರೂಪದಲ್ಲಿ ಗ್ರೀನ್‌ನ ಪ್ರಬಂಧದಲ್ಲಿ ಇಲ್ಲ. ಅಲ್ಲಿರುವುದು ಮೂರು ಆಯಾಮಗಳ, ಅದಕ್ಕಿಂತ ಗಹನವಾದ ಸಂಬಂಧ. ಸಮತಲದ ಸೂತ್ರವನ್ನು 1846ರಲ್ಲಿ ಅಚ್ಚಿಗೆ ತಂದವನು ಫ್ರಾನ್ಸಿನ ಕೌಶಿ.

ಇಷ್ಟೆಲ್ಲ ಆದರೂ ಬಹುಚರ ಕಲನಶಾಸ್ತ್ರದ ಕೋರ್ಸ್ ಎನ್ನುವಂಥದ್ದು ಹುಟ್ಟಿರಲಿಲ್ಲ. ಈಗ ಒಂದು ಸಾಲಿನಲ್ಲಿ ಮುಗಿಯುವ ಸಮೀಕರಣವನ್ನು ಆಗ ಎಕ್ಸ್, ವೈ, ಝಡ್‌ಗಳಿಗೆ ಬೇರೆಬೇರೆಯಾಗಿ ಮೂರು ಸಲ ಬರೆಯಬೇಕಿತ್ತು. ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್‌ಗಳು, ಅಂದರೆ ನಾಲ್ಕು ಘಟಕಗಳ ಸಂಖ್ಯೆಗಳು, ಚುಟುಕಾಗಿದ್ದವು, ಆದರೆ ಕಲಿಯಲು ಕಷ್ಟ. ಅವುಗಳಿಂದ ಬೇಕಾದಷ್ಟನ್ನೇ ಬಿಡಿಸಿ ತೆಗೆದವನು ಅಮೆರಿಕದ ಯೇಲ್‌ನ ಜೋಸಯ್ಯ ವಿಲ್ಲರ್ಡ್ ಗಿಬ್ಸ್. 1871ರಲ್ಲಿ ಪ್ರಾಧ್ಯಾಪಕನಾಗಿ ನೇಮಕವಾದರೂ ಮೊದಲ ಒಂಬತ್ತು ವರ್ಷ ಆತನಿಗೆ ಸಂಬಳವೇ ಇರಲಿಲ್ಲ. ತನ್ನ ವಿದ್ಯಾರ್ಥಿಗಳಿಗೆಂದೇ 1881 ಮತ್ತು 1884ರಲ್ಲಿ ಎರಡು ಭಾಗಗಳಲ್ಲಿ ಒಂದು ಕಿರುಹೊತ್ತಗೆ ಅಚ್ಚು ಮಾಡಿಸಿ ಹಂಚಿದ. ವೆಕ್ಟರ್‌ಗಳ ಡಾಟ್ ಗುಣಲಬ್ಧ, ಕ್ರಾಸ್ ಗುಣಲಬ್ಧ ಎರಡೂ ಬೇರೆಬೇರೆಯಾಗಿ ಅದರಲ್ಲಿ ನೆಲೆಗೊಂಡವು. ಅತ್ತ ಇಂಗ್ಲೆಂಡಿನಲ್ಲಿ, ಹದಿನಾರಕ್ಕೇ ಶಾಲೆ ಬಿಟ್ಟು ಟೆಲಿಗ್ರಾಫ್ ಕೆಲಸ ಮಾಡಿದ್ದ ಆಲಿವರ್ ಹೆವಿಸೈಡ್ ತನ್ನಷ್ಟಕ್ಕೆ ತಾನೇ ಇದೇ ಜಾಗಕ್ಕೆ ಬಂದು ನಿಂತಿದ್ದ. ಕ್ವಾಟರ್ನಿಯನ್ ಪಕ್ಷದ ಪೀಟರ್ ಟೇಟ್ ಕೆರಳಿದ. 1890ರ ದಶಕದ ಮೊದಲ ವರ್ಷಗಳಲ್ಲಿ ‘ನೇಚರ್’ ಪತ್ರಿಕೆಯ ಪುಟಗಳಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಗೆದ್ದದ್ದು ಗಿಬ್ಸ್ ಮತ್ತು ಹೆವಿಸೈಡ್ ಪಕ್ಷ. ಕಲಿಯುವವರಿಗೆ ಅದರಿಂದ ಒಳ್ಳೆಯದೇ ಆಯಿತು.

ಗಿಬ್ಸ್‌ಗೆ ಪಠ್ಯಪುಸ್ತಕ ಬರೆಯುವ ಬಿಡುವಿರಲಿಲ್ಲ. ಆ ಕೆಲಸ ಬಿದ್ದದ್ದು ಹಾರ್ವರ್ಡಿನಲ್ಲಿ ಕ್ವಾಟರ್ನಿಯನ್ ಕಲಿತು ಯೇಲ್‌ಗೆ ಬಂದಿದ್ದ ಎಡ್ವಿನ್ ಬಿಡ್ವೆಲ್ ವಿಲ್ಸನ್ ಎಂಬ ತರುಣನ ಮೇಲೆ. ಗುರುವಿನ ಉಪನ್ಯಾಸಗಳನ್ನು ಆಧರಿಸಿ ಆತ ಬರೆದ ‘ವೆಕ್ಟರ್ ಅನಾಲಿಸಿಸ್’ 1901ರಲ್ಲಿ ಹೊರಬಂತು. ಗ್ರೇಡಿಯಂಟ್, ಡೈವರ್ಜೆನ್ಸ್, ಕರ್ಲ್ ಮೂರಕ್ಕೂ ಬಳಸುವ ತಲೆಕೆಳಗಾದ ತ್ರಿಕೋನವನ್ನು ‘ಡೆಲ್’ ಎಂದು ಓದುವ ರೂಢಿ ಬೆಳೆಯಲು ಈ ಪುಸ್ತಕ ದೊಡ್ಡ ಕಾರಣ. ಕರ್ನಾಟಕದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಗಣಿತದಲ್ಲಿ ವೆಕ್ಟರ್ ಕ್ಯಾಲ್ಕ್ಯುಲಸ್ ಓದುವವರು ಕಪ್ಪುಹಲಗೆಯ ಮೇಲೆ ಕಾಣುವುದು ಬಹುಮಟ್ಟಿಗೆ ಇದೇ ಬರವಣಿಗೆಯನ್ನು. 1907ರಲ್ಲಿ ಎಂಐಟಿಗೆ ಹೋದ ವಿಲ್ಸನ್ ಆಮೇಲೆ ‘ಅಡ್ವಾನ್ಸ್‌ಡ್ ಕ್ಯಾಲ್ಕ್ಯುಲಸ್’ ಎಂಬ ಇನ್ನೊಂದು ಪಠ್ಯ ಬರೆದ. ಪಾರ್ಶಿಯಲ್ ಡೆರಿವೇಟಿವ್, ಬಹು ಅನುಕಲನ, ರೇಖಾ ಅನುಕಲನ ಎಲ್ಲವೂ ಅದರ ಒಂದೇ ಸಂಪುಟದಲ್ಲಿ, ಬಿಡಿಸಲು ಲೆಕ್ಕಗಳ ಸಮೇತ, ವಿದ್ಯಾರ್ಥಿಯ ಕೈಗೆ ಬಂದವು.